ಮನೆಯಿಂದ ಕೆಲಸ, 25 ನಿಮಿಷದ ಟೈಮರ್ ಮತ್ತು ತಾರಸಿಯ ಗಿಡಗಳು: ಚಿತ್ರದುರ್ಗದ ಸದಸ್ಯರ ಪ್ರಶ್ನೆಗೆ ಉತ್ತರ

ನಮಸ್ಕಾರ. ನಮ್ಮ ಕೈತೋಟದ ಗುಂಪಿನಲ್ಲಿ ನೀವು ನಿನ್ನೆ ಕೇಳಿದ ಪ್ರಶ್ನೆಯನ್ನು ನಿಧಾನವಾಗಿ ಓದಿದೆ. ಬೆಂಗಳೂರಿನ ಕಂಪನಿಯೊಂದಕ್ಕೆ ಚಿತ್ರದುರ್ಗದ ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೀರಿ. 25 ನಿಮಿಷ ಕೆಲಸ, 5 ನಿಮಿಷ ವಿರಾಮ ಎಂಬ ಕ್ರಮವನ್ನು ಮೊಬೈಲ್ ಆ್ಯಪ್ ಇಟ್ಟುಕೊಂಡು ಆರಂಭಿಸಿದ್ದೀರಿ. ಆದರೆ ವಿರಾಮಕ್ಕೆಂದು ತಾರಸಿಗೆ ಹೋದರೆ ಮುಕ್ಕಾಲು ಗಂಟೆ ಕಳೆದದ್ದೇ ತಿಳಿಯುವುದಿಲ್ಲ, ಕೆಲಸ ಹಿಡಿತಕ್ಕೆ ಸಿಕ್ಕ ಹೊತ್ತಿಗೇ ಗಂಟೆ ಹೊಡೆದು ಎಬ್ಬಿಸುತ್ತದೆ, ಮನೆಯವರು ನಡುನಡುವೆ ಕರೆಯುತ್ತಾರೆ ಎಂದು ಬರೆದಿದ್ದೀರಿ. ಗಿಡಗಳನ್ನು ಬಿಡಬೇಕೋ ಟೈಮರ್ ಬಿಡಬೇಕೋ ಎಂಬುದು ನಿಮ್ಮ ಪ್ರಶ್ನೆ. ಎರಡನ್ನೂ ಬಿಡಬೇಕಾಗಿಲ್ಲ. ನಾನು ದಾವಣಗೆರೆಯಲ್ಲಿ ಮನೆಯಲ್ಲೇ ಕುಳಿತು ಅಂಗಡಿ ಮತ್ತು ಮಂಡಿಗಳ ಲೆಕ್ಕಪತ್ರ, ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುವವಳು. ತಲೆಯ ಮೇಲೆಯೇ ತಾರಸಿಯ ತೋಟವಿದ್ದರೆ ಕೆಲಸದ ನಡುವೆ ಅದು ಹೇಗೆ ಸೆಳೆಯುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಈ ಕ್ರಮವನ್ನು ರೂಪಿಸಿದವರು ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ. 1980ರ ದಶಕದ ಕೊನೆಯಲ್ಲಿ, ವಿದ್ಯಾರ್ಥಿಯಾಗಿದ್ದಾಗ ಓದಿನಲ್ಲಿ ಮನಸ್ಸು ನಿಲ್ಲದೆ, ಟೊಮೆಟೊ ಆಕಾರದ ಅಡುಗೆಮನೆಯ ಟೈಮರೊಂದನ್ನು ಮುಂದಿಟ್ಟುಕೊಂಡು ಅವರು ಇದನ್ನು ಶುರು ಮಾಡಿದರು. ಇಟಾಲಿಯನ್ ಭಾಷೆಯಲ್ಲಿ ಟೊಮೆಟೊಗೆ ಪೊಮೊಡೊರೊ ಎನ್ನುತ್ತಾರೆ, ಈ ಕ್ರಮಕ್ಕೆ ಆ ಹೆಸರು ಬಂದದ್ದು ಅಲ್ಲಿಂದಲೇ. ಆ್ಯಪ್‌ಗಳ ಮೂಲಕ ನಮಗೆ ತಲುಪುವಾಗ ಇದರಲ್ಲಿ 25 ಮತ್ತು 5 ಎಂಬ ಅಂಕಿಗಳಷ್ಟೇ ಉಳಿದಿವೆ, ಹಾಳೆ ಮತ್ತು ಪೆನ್ಸಿಲ್ ಬಿಟ್ಟುಹೋಗಿವೆ. ಮೂಲ ಕ್ರಮದಲ್ಲಿ ಟೈಮರ್ ತಿರುಗಿಸುವ ಮೊದಲು ಆ ಸುತ್ತಿನಲ್ಲಿ ಮಾಡುವ ಕೆಲಸವನ್ನು ಹಾಳೆಯ ಮೇಲೆ ಬರೆಯಬೇಕು, ನಡುವೆ ಬೇರೆ ಯೋಚನೆ ಬಂದರೆ ಅದನ್ನು ಅಲ್ಲೇ ಬದಿಯಲ್ಲಿ ಗುರುತು ಹಾಕಿಟ್ಟು ಕೆಲಸ ಮುಂದುವರಿಸಬೇಕು, ಗಂಟೆ ಹೊಡೆದ ಮೇಲೆ ಒಂದು ಗೀಟು ಎಳೆಯಬೇಕು, ನಾಲ್ಕು ಸುತ್ತು ಮುಗಿದರೆ 15ರಿಂದ 30 ನಿಮಿಷದ ದೊಡ್ಡ ವಿರಾಮ ತೆಗೆದುಕೊಳ್ಳಬೇಕು. ಅರ್ಧಕ್ಕೆ ಬಿಟ್ಟು ಎದ್ದುಹೋದ ಸುತ್ತು ಲೆಕ್ಕಕ್ಕಿಲ್ಲ. ನನ್ನ ಮಟ್ಟಿಗೆ ಈ ಕ್ರಮದ ಅರ್ಧಕ್ಕಿಂತ ಹೆಚ್ಚಿನ ಪ್ರಯೋಜನ ಇರುವುದು ಆ ಹಾಳೆಯಲ್ಲಿ.

ಈಗ ನಿಮ್ಮ ತಾರಸಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ತೊಂದರೆಯ ಮೂಲ ಇರುವುದು ಕೆಲಸದ 25 ನಿಮಿಷದಲ್ಲಲ್ಲ, ವಿರಾಮದ 5 ನಿಮಿಷದಲ್ಲಿ. ಗಿಡದ ಕೆಲಸಕ್ಕೆ ತನ್ನದೇ ಆದ ಕೊನೆ ಎಂಬುದಿಲ್ಲ. ಸುಮ್ಮನೆ ನೋಡಿ ಬರೋಣವೆಂದು ಹೋದಾಗ ಮೆಣಸಿನ ಗಿಡದ ಒಂದು ಎಲೆ ಮುದುರಿದ್ದು ಕಾಣುತ್ತದೆ. ಎಲೆ ಮಗುಚಿದರೆ ಹಿಂಭಾಗದಲ್ಲಿ ಬಿಳಿ ನೊಣ. ಪಕ್ಕದ ಕುಂಡಕ್ಕೂ ಹರಡಿದೆಯೇ ಎಂದು ಅದನ್ನೂ ಮಗುಚಿ ನೋಡುತ್ತೇವೆ. ಬೇವಿನ ಎಣ್ಣೆಗೆ ಸೋಪಿನ ನೀರು ಬೇಕು, ಸೋಪಿನ ನೀರಿಗೆ ಕೆಳಗಿಳಿಯಬೇಕು, ಸ್ಪ್ರೇ ಬಾಟಲಿಯ ಮೂತಿ ಕಟ್ಟಿಕೊಂಡಿದೆ. ಕುರ್ಚಿಗೆ ಮರಳಿದ ಮೇಲೂ ತಲೆಯೊಳಗೆ ಆ ನೊಣವೇ ಓಡಾಡುತ್ತಿರುತ್ತದೆ. ಒಂದು ಕೆಲಸವನ್ನು ಮುಗಿಸದೆ ಇನ್ನೊಂದಕ್ಕೆ ಹೊರಳಿದರೆ ಗಮನದ ಒಂದಷ್ಟು ಭಾಗ ಹಿಂದಿನ ಕೆಲಸದಲ್ಲೇ ಉಳಿದು ಹೊಸ ಕೆಲಸ ಸೊರಗುತ್ತದೆ ಎಂಬುದನ್ನು ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಅಂದರೆ ತಾರಸಿಯಲ್ಲಿ ಕಳೆದ ಮುಕ್ಕಾಲು ಗಂಟೆಯ ಜೊತೆಗೆ, ಇಳಿದುಬಂದ ನಂತರದ ಸ್ವಲ್ಪ ಹೊತ್ತೂ ಕೈತಪ್ಪುತ್ತದೆ.

ಆದ್ದರಿಂದ ಸಣ್ಣ ವಿರಾಮದಲ್ಲಿ ತಾರಸಿಯ ಮೆಟ್ಟಿಲು ಹತ್ತಬೇಡಿ. ಯಾವ ನಿರ್ಧಾರವನ್ನೂ ಬೇಡದ ಕೆಲಸಗಳಷ್ಟೇ ಆ 5 ನಿಮಿಷಕ್ಕೆ ಸಲ್ಲುತ್ತವೆ: ಎದ್ದು ನಿಲ್ಲುವುದು, ನೀರು ಕುಡಿಯುವುದು, ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕುವುದು, ಕಿಟಕಿಯಿಂದ ದೂರಕ್ಕೆ ಕಣ್ಣು ಹಾಯಿಸುವುದು. ಪರದೆ ನೋಡುವವರು 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುವುದುಂಟು. ನಿಮ್ಮ ಊರಿನಲ್ಲಿ ಅದಕ್ಕೆ ಕೋಟೆಯ ಬೆಟ್ಟವೇ ಇದೆ. ವಿರಾಮಕ್ಕೂ ತಪ್ಪದೆ ಟೈಮರ್ ಇಡಿ, ಮತ್ತು ಅದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಏಕೆಂದರೆ ಕೋಣೆಯಲ್ಲಿ ಹೊಡೆದ ಗಂಟೆ ಅಂಗಳಕ್ಕೆ ಕೇಳಿಸುವುದಿಲ್ಲ.

ಇದರಿಂದ ಗಿಡಗಳಿಗೆ ಅನ್ಯಾಯವಾಗುವುದಿಲ್ಲ. ನೀವೇ ಯೋಚಿಸಿ: ನೀರು ಹಾಕುವುದು ಬಿಸಿಲೇರುವ ಮೊದಲು, ಕುಂಬಳದ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವುದು ಬೆಳಗಿನಲ್ಲಿ, ಅದು ಬೇಗ ಮುಚ್ಚಿಕೊಳ್ಳುತ್ತದೆ, ಹೀರೆಯ ಹೂವು ಅರಳುವುದೇ ಸಂಜೆಗೆ, ಬೇವಿನ ಎಣ್ಣೆ ಸಿಂಪಡಿಸುವುದೂ ಬಿಸಿಲು ಇಳಿದ ಮೇಲೆಯೇ, ಇಲ್ಲದಿದ್ದರೆ ಎಲೆ ಸುಡುತ್ತದೆ. ಕೈತೋಟದ ಮುಖ್ಯ ಕೆಲಸಗಳೆಲ್ಲ ಆಫೀಸಿನ ಹೊತ್ತಿನ ಆಚೆ ಈಚೆಯೇ ಬೀಳುತ್ತವೆ. ಉಳಿದ ಬಿಡಿ ಕೆಲಸಗಳಿಗೆ, ಅಂದರೆ ಟೊಮೆಟೊ ಗಿಡಕ್ಕೆ ಕೋಲು ಕಟ್ಟುವುದಕ್ಕೆ, ಒಂದೆರಡು ಕುಂಡದ ಕಳೆ ಕೀಳುವುದಕ್ಕೆ, ಬಲಿತ ಬದನೆ ಕೊಯ್ಯುವುದಕ್ಕೆ, ನಾಲ್ಕು ಸುತ್ತಿನ ನಂತರದ ದೊಡ್ಡ ವಿರಾಮವಿದೆ. ಆಗ ಏನು ಮಾಡುವುದೆಂದು ಮೊದಲೇ ಬರೆದುಕೊಂಡು ಮೇಲೆ ಹೋಗಿ, ಬರೆದದ್ದನ್ನಷ್ಟೇ ಮಾಡಿ ಇಳಿಯಿರಿ. ಹೊಸದೇನಾದರೂ ಕಂಡರೆ ‘ಮೆಣಸು, ಎಲೆಯ ಹಿಂಭಾಗ, ಸಂಜೆ ಎಣ್ಣೆ’ ಎಂದು ಹಾಳೆಯಲ್ಲಿ ಒಂದು ಸಾಲು ಸಾಕು. ಮಾರ್ಚ್‌ನಿಂದ ಮೇವರೆಗೆ ಮಾತ್ರ ಮಧ್ಯಾಹ್ನದ ಈ ಭೇಟಿಯನ್ನೂ ಕೈಬಿಡಿ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಕಾದ ತಾರಸಿಯಿಂದ ಇಳಿದು ಬಂದವರಿಗೆ ತಕ್ಷಣ ಪರದೆಯ ಮುಂದೆ ಕೂರಲು ಆಗುವುದಿಲ್ಲ.

ಎರಡನೆಯದು, ಕೆಲಸ ಹಿಡಿತಕ್ಕೆ ಸಿಕ್ಕಾಗ ಗಂಟೆ ಹೊಡೆಯುವುದು. 25 ನಿಮಿಷವೆಂಬುದು ಶಾಸ್ತ್ರವಲ್ಲ, ಕೆಲಸದ ಗುಣ ನೋಡಿ ಅವಧಿಯನ್ನು ಆರಿಸಿಕೊಳ್ಳಬಹುದು. ನನ್ನ ಕೆಲಸದಲ್ಲಿ ಪ್ರತಿ ತಿಂಗಳ 14ಕ್ಕೆ ಜಿಎಸ್‌ಟಿಆರ್ 2ಬಿ, ಅಂದರೆ ಸರಕು ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ, ಬಂದ ಮೇಲೆ ಅದರ ಜೊತೆ ಖರೀದಿ ಬಿಲ್ಲುಗಳನ್ನು ಒಂದೊಂದಾಗಿ ತಾಳೆ ನೋಡಬೇಕು, 20ರೊಳಗೆ 3ಬಿ ಎಂಬ ತಿಂಗಳ ರಿಟರ್ನ್ ಸಲ್ಲಿಸಬೇಕು. ತಾಳೆ ನೋಡುವುದು ಕಣ್ಣಿನ ಕೆಲಸ. 25 ನಿಮಿಷ ದಾಟಿದರೆ 6 ಯಾವುದು 8 ಯಾವುದು ಎಂಬುದೇ ಗುರುತು ಸಿಗದಂತಾಗುತ್ತದೆ, ಅಲ್ಲಿ ಸಣ್ಣ ಸುತ್ತೇ ಸರಿ. ಆದರೆ ನೋಟಿಸಿಗೆ ಉತ್ತರ ಬರೆಯುವಂಥ, ಹಿಂದುಮುಂದಿನದನ್ನೆಲ್ಲ ತಲೆಯಲ್ಲಿ ಒಟ್ಟಿಗೆ ಹಿಡಿದಿಟ್ಟುಕೊಳ್ಳಬೇಕಾದ ಕೆಲಸಕ್ಕೆ 50 ನಿಮಿಷ ಮತ್ತು 10 ನಿಮಿಷದ ವಿರಾಮ ಹೊಂದುತ್ತದೆ. ನೀವು ಕೋಡ್ ಬರೆಯುವುದಕ್ಕೂ ದೋಷ ಹುಡುಕುವುದಕ್ಕೂ ಇದೇ ದೊಡ್ಡ ಸುತ್ತನ್ನು ಇಟ್ಟುಕೊಂಡು, ಮೇಲ್‌ಗಳಿಗೆ ಉತ್ತರ ಕೊಡುವಂಥವನ್ನೆಲ್ಲ ಒಟ್ಟುಗೂಡಿಸಿ ಒಂದು ಸಣ್ಣ ಸುತ್ತಿನಲ್ಲಿ ಮುಗಿಸಿ. ಬೆಳಿಗ್ಗೆ ಆರಿಸಿದ ಅವಧಿಯನ್ನು ಸುತ್ತಿನ ನಡುವೆ ಬದಲಿಸದಿರುವುದು ಮುಖ್ಯ.

ಗಂಟೆ ಹೊಡೆದಾಗ ಕೆಲಸ ಇನ್ನೂ ಹರಿಯುತ್ತಿದ್ದರೆ, ಏಳುವ ಮೊದಲು ಮುಂದಿನ ಹೆಜ್ಜೆ ಏನೆಂದು ಒಂದು ಸಾಲು ಬರೆದಿಡಿ. ‘ತಿಂಗಳ ಕೊನೆಯ ದಿನಾಂಕಕ್ಕೆ ಮಾತ್ರ ತಪ್ಪು ಉತ್ತರ ಬರುತ್ತಿದೆ, ಆ ಭಾಗವನ್ನು ಮೊದಲು ನೋಡುವುದು’ ಎಂಬಷ್ಟು ಸ್ಪಷ್ಟವಾಗಿರಲಿ. ಹೀಗೆ ಎಲ್ಲಿಗೆ ನಿಂತಿದೆ, ಮುಂದೇನು ಎಂದು ಬರೆದಿಟ್ಟು ಎದ್ದವರಿಗೆ ಬಿಟ್ಟ ಕೆಲಸ ಅಷ್ಟಾಗಿ ಕಾಡುವುದಿಲ್ಲವೆಂದು ಲೆರಾಯ್ ಅವರು ಸಹೋದ್ಯೋಗಿಯೊಬ್ಬರೊಂದಿಗೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ವಿರಾಮದಿಂದ ಬಂದು ಕುಳಿತ ತಕ್ಷಣ ಕೈಗೆ ಕೆಲಸ ಸಿಗುತ್ತದೆ. ಕೆಲಸವನ್ನು ಬರೆಯುವಾಗಲೂ ಇದೇ ಸ್ಪಷ್ಟತೆ ಬೇಕು; ‘ಪ್ರಾಜೆಕ್ಟ್ ಕೆಲಸ’ ಎಂದು ಬರೆದರೆ ಎಲ್ಲಿಂದ ಹಿಡಿಯಬೇಕೆಂದು ಯೋಚಿಸುವುದರಲ್ಲೇ ಸುತ್ತು ಮುಗಿಯುತ್ತದೆ. ಐದರಿಂದ ಏಳು ಸುತ್ತಿಗಿಂತ ಹೆಚ್ಚು ಹಿಡಿಯುವ ಕೆಲಸವನ್ನು ಒಡೆಯಬೇಕು ಎಂಬುದು ಸಿರಿಲ್ಲೊ ಅವರದೇ ನಿಯಮ.

ಮನೆಯವರ ವಿಷಯವನ್ನು ಬಹಳ ಜನ ಬಾಗಿಲು ಹಾಕಿಕೊಂಡು ಬಗೆಹರಿಸಲು ನೋಡುತ್ತಾರೆ. ಅದು ಮನಸ್ತಾಪಕ್ಕೆ ದಾರಿ. ನಮ್ಮ ಮನೆಗಳಲ್ಲಿ ಹಿರಿಯರು ಕರೆಯುವುದು ತೊಂದರೆ ಕೊಡಲೆಂದಲ್ಲ, ನೀವು ಯಾವಾಗ ಸಿಗುತ್ತೀರೆಂದು ಅವರಿಗೆ ತಿಳಿಯದಿರುವುದರಿಂದ. ಬೆಳಿಗ್ಗೆ ತಿಂಡಿ ತಿನ್ನುವಾಗಲೇ ‘ಅಮ್ಮ, ಹತ್ತೂವರೆಗೆ ಹೊರಗೆ ಬರ್ತೀನಿ, ಏನಿದ್ದರೂ ಆಗ ಹೇಳು’ ಎಂದು ಹೇಳಿ, ಹತ್ತೂವರೆಗೆ ನಿಜವಾಗಿಯೂ ಹೊರಗೆ ಬನ್ನಿ. ಆ ಮಾತು ನಾಲ್ಕಾರು ದಿನ ತಪ್ಪದೆ ನಡೆದರೆ ಅವರೇ ಕಾಯತೊಡಗುತ್ತಾರೆ. ಸುತ್ತಿನ ನಡುವೆ ಯಾರಾದರೂ ಕರೆದರೆ ‘ಇನ್ನು ಹತ್ತು ನಿಮಿಷಕ್ಕೆ ಬರುತ್ತೇನೆ’ ಎಂದು ಹೇಳಿ, ಹಾಳೆಯಲ್ಲಿ ಗುರುತು ಹಾಕಿ, ವಿರಾಮ ಬಂದ ಕೂಡಲೇ ನೀವಾಗಿಯೇ ಹೋಗಿ ಕೇಳಿ. ನಲ್ಲಿಯಲ್ಲಿ ನೀರು ಬಿಡುವ ದಿನ, ಮನೆಗೆ ನೆಂಟರು ಬಂದ ದಿನ ಈ ಲೆಕ್ಕ ನಡೆಯುವುದಿಲ್ಲ. ಅಂಥ ದಿನ ಗಮನ ಹೆಚ್ಚು ಬೇಡದ ಕೆಲಸವನ್ನು ಇಟ್ಟುಕೊಳ್ಳಿ. ಕರೆಂಟ್ ಹೋಗುವ ಬೇಸಿಗೆಯಲ್ಲಿ ವೈಫೈ ರೂಟರಿಗೊಂದು ಸಣ್ಣ ಯುಪಿಎಸ್ ಇರಲಿ.

ಟೈಮರ್‌ಗಾಗಿ ಮೊಬೈಲ್ ಬಳಸಬೇಡಿ ಎಂದು ಒತ್ತಿ ಹೇಳುತ್ತೇನೆ. ಎಷ್ಟು ನಿಮಿಷ ಉಳಿದಿದೆ ಎಂದು ನೋಡಲು ಕೈಗೆತ್ತಿಕೊಂಡ ಮೊಬೈಲಿನಲ್ಲಿ ವಾಟ್ಸ್ಆ್ಯಪ್ ಸಂದೇಶ ಕಾದಿರುತ್ತದೆ. ಪಾತ್ರೆ ಅಂಗಡಿಯಲ್ಲಿ ಸಿಗುವ, ತಿರುಗಿಸಿ ಇಡುವ ಅಡುಗೆ ಟೈಮರ್ ಸಾಕು. ಮೊಬೈಲನ್ನು ಪಕ್ಕದ ಕೋಣೆಯಲ್ಲಿಡಿ, ಆಫೀಸಿನ ಕರೆ ಬರುವುದಿದ್ದರೆ ರಿಂಗ್ ಮಾತ್ರ ಕೇಳುವಂತಿರಲಿ. ನಮ್ಮ ಈ ಗುಂಪನ್ನೂ ಹಗಲು ಮ್ಯೂಟ್ ಮಾಡಿಡಿ, ಇಲ್ಲಿನ ಪ್ರಶ್ನೆಗಳು ಸಂಜೆಯವರೆಗೆ ಕಾಯುತ್ತವೆ.

ಎಂಟು ಗಂಟೆಯ ಕೆಲಸವೆಂದರೆ ಹದಿನಾರು ಸುತ್ತು ಎಂದು ಲೆಕ್ಕ ಹಾಕಬೇಡಿ. ಮೀಟಿಂಗ್, ಫೋನು, ಊಟ ಎಲ್ಲವೂ ಅದರೊಳಗೇ ಬರುತ್ತವೆ. ಮೊದಲ ವಾರ ಬೆಳಗಿನ ಹೊತ್ತಿನಲ್ಲಿ, ಮೀಟಿಂಗ್‌ಗಳು ಶುರುವಾಗುವ ಮೊದಲು, ನಾಲ್ಕು ಸಣ್ಣ ಸುತ್ತು ಅಥವಾ ಎರಡು ದೊಡ್ಡ ಸುತ್ತು ಪೂರ್ತಿ ಮಾಡಿ, ಉಳಿದ ದಿನವನ್ನು ಈಗಿರುವಂತೆಯೇ ಬಿಡಿ. ವಾರದ ಕೊನೆಗೆ ಹಾಳೆಗಳನ್ನು ಒಟ್ಟಿಗೆ ಹರಡಿ, ಬದಿಯ ಗುರುತುಗಳಲ್ಲಿ ಮತ್ತೆಮತ್ತೆ ಬಂದಿರುವುದು ಗಿಡಗಳೋ, ಮೊಬೈಲೋ, ಮನೆಯವರ ಕರೆಯೋ ನೋಡಿ. ಯಾವುದು ಹೆಚ್ಚಿದೆ ಎಂದು ಇಲ್ಲಿ ಬರೆದರೆ, ಅದೊಂದಕ್ಕೆ ಮಾತ್ರ ಮುಂದೇನು ಮಾಡಬಹುದೆಂದು ಹೇಳುತ್ತೇನೆ. ಮನೆಯಿಂದಲೇ ಕೆಲಸ ಮಾಡುವ ಇನ್ನೂ ಕೆಲವರು ಈ ಗುಂಪಿನಲ್ಲಿದ್ದಾರೆ, ಅವರೂ ತಮ್ಮ ಅನುಭವ ಸೇರಿಸಲಿ.