‘ಸಹಾಯದಿಂದ ಮಾಡುತ್ತಾನೆ’ ಅಂದರೆ ಎಷ್ಟು ಸಹಾಯ?

ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ವಿಶೇಷ ಶಾಲೆಯಲ್ಲಿ ಟೀಚರ್ ಆಗಿದ್ದೀರಿ. ಒಂಬತ್ತು ವರ್ಷದ ಹುಡುಗನೊಬ್ಬನ ಐಇಪಿಯಲ್ಲಿ, ಅಂದರೆ ಅವನಿಗೆಂದೇ ಬರೆದ ಕಲಿಕೆಯ ಯೋಜನೆಯಲ್ಲಿ, ‘ತಾನೇ ಕೈ ತೊಳೆದುಕೊಳ್ಳುತ್ತಾನೆ’ ಎಂಬ ಗುರಿ ಬರೆದು ಎಂಟು ತಿಂಗಳಾಯಿತು, ಪ್ರತಿ ತಿಂಗಳ ವರದಿಯಲ್ಲೂ ‘ಸಹಾಯದಿಂದ ಮಾಡುತ್ತಾನೆ’ ಅಂತಲೇ ಬರೆಯುತ್ತಿದ್ದೀರಿ. ‘ಅವನಿಂದ ಆಗಲ್ವಾ, ಅಥವಾ ನನಗೇ ಕಲಿಸೋಕೆ ಬರಲ್ವಾ?’ ಅಂತ ಕೇಳಿದ್ದೀರಿ.

ಎರಡೂ ಅಲ್ಲ. ನನಗೆ ಅನುಮಾನ ಇರುವುದು ‘ಸಹಾಯ’ ಎಂಬ ಆ ಪದದ ಮೇಲೆ. ಕೈ ಹಿಡಿದು ಮಾಡಿಸಿದರೂ ಸಹಾಯ, ಬೆರಳು ತೋರಿಸಿದರೂ ಸಹಾಯ. ಮೊದಲ ತಿಂಗಳು ನೀವು ಅವನ ಎರಡೂ ಕೈ ಹಿಡಿದು ಉಜ್ಜಿಸಿರಬಹುದು, ಈಗ ಮೊಣಕೈ ಮುಟ್ಟಿದರೆ ಸಾಕಾಗುತ್ತಿರಬಹುದು. ಹಾಗಿದ್ದರೆ ಅವನು ಎಷ್ಟು ದೂರ ಬಂದಿದ್ದಾನೆ ಅಲ್ವಾ? ವರದಿಯಲ್ಲಿ ಮಾತ್ರ ಅದು ಕಾಣುವುದೇ ಇಲ್ಲ. 1975ರಲ್ಲಿ ಅಮೆರಿಕ ಇಂಥ ಲಿಖಿತ ಯೋಜನೆಯನ್ನು ಕಾನೂನಿನಲ್ಲಿ ತಂದಾಗಲೇ, ಮಗು ಇವತ್ತು ಯಾವ ಮಟ್ಟದಲ್ಲಿದೆ ಅಂತಲೂ ಗುರಿಯ ಜೊತೆ ಬರೆಯಬೇಕು ಎಂದಿತ್ತು. ಗುರಿ ಬರೆಯುವ ಆತುರದಲ್ಲಿ ಆ ಭಾಗ ತೆಳ್ಳಗಾಗಿಬಿಡುತ್ತದೆ.

ಹೀಗೆ ಮಾಡಿ ನೋಡಿ. ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸೋಪು ಹಚ್ಚುವುದು, ಉಜ್ಜುವುದು, ತೊಳೆಯುವುದು, ನಲ್ಲಿ ನಿಲ್ಲಿಸುವುದು, ಒರೆಸಿಕೊಳ್ಳುವುದು ಅಂತ ಏಳು ಸಾಲು ಬರೆದುಕೊಳ್ಳಿ. ಒಂದೊಂದರ ಮುಂದೆ, ಅವತ್ತು ಯಾವ ಸಹಾಯ ಬೇಕಾಯಿತು ಅಂತ ದಿನಾ ಒಂದು ಪದ ಬರೆದರೆ ಸಾಕು: ಕೈ, ಸನ್ನೆ, ಮಾತು ಅಥವಾ ತಾನೇ. ಅರ್ಧ ನಿಮಿಷದ ಕೆಲಸ. ಒಂದು ವಾರ ಆದ ಮೇಲೆ ಅವನು ಎಲ್ಲಿ ಸಿಕ್ಕಿಕೊಂಡಿದ್ದಾನೆ ಅಂತ ನಿಮಗೇ ಕಾಣುತ್ತದೆ.

ಕಲಿಸುವುದನ್ನು ಕೊನೆಯಿಂದ ಶುರು ಮಾಡಿ. ಆರು ಹೆಜ್ಜೆ ನೀವೇ ಮಾಡಿಸಿ, ಒರೆಸಿಕೊಳ್ಳುವುದನ್ನು ಅವನಿಗೆ ಬಿಡಿ. ಅದು ಬಂತು ಅಂದ ಮೇಲೆ ನಲ್ಲಿ ನಿಲ್ಲಿಸುವುದನ್ನೂ ಬಿಡಿ. ಹೀಗಾದರೆ ಪ್ರತಿ ಸಲವೂ ಕೆಲಸ ಮುಗಿಸುವವನು ಅವನೇ ಆಗುತ್ತಾನೆ, ಮೆಚ್ಚುಗೆಯೂ ಸರಿಯಾಗಿ ಆಗಲೇ ಸಿಗುತ್ತದೆ. ಎಷ್ಟೋ ಮಕ್ಕಳಿಗೆ ಇದು ಹಿಡಿಸುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು. ‘ಸೋಪು ತಗೋ, ಉಜ್ಜು, ಇನ್ನೂ ಉಜ್ಜು’ ಅಂತ ನಾವು ಹೇಳುತ್ತಲೇ ಇರುತ್ತೇವೆ, ಪ್ರೀತಿಯಿಂದಲೇ. ಆದರೆ ಮಗು ಆ ಮಾತಿಗೇ ಕಾಯುವುದನ್ನು ಕಲಿತುಬಿಡುತ್ತದೆ, ಆಮೇಲೆ ಅದನ್ನು ಬಿಡಿಸುವುದು ತುಂಬಾ ಕಷ್ಟ. ಬಾಯಿ ಮುಚ್ಚಿಕೊಂಡು ಐದು ಸೆಕೆಂಡ್ ಕಾಯಿರಿ. ಆಗಲೂ ಕೈ ಮುಂದೆ ಬರಲಿಲ್ಲ ಅಂದರೆ ಬೆರಳು ತೋರಿಸಿ.

ಗುರಿಯನ್ನೂ ತಿದ್ದಿ ಬರೆಯಿರಿ. ‘ನಲ್ಲಿ ನಿಲ್ಲಿಸಿ ಕೈ ಒರೆಸಿಕೊಳ್ಳುವುದನ್ನು 5 ದಿನಗಳಲ್ಲಿ 4 ದಿನ ತಾನೇ ಮಾಡುತ್ತಾನೆ’ ಅಂದರೆ, ಆಯಿತೋ ಇಲ್ಲವೋ ಅಂತ ಯಾರು ಬೇಕಾದರೂ ಹೇಳಬಹುದು. ಗುರಿ ಸಣ್ಣದಾಯಿತು ಅಂತ ಬೇಜಾರು ಬೇಡ, ಉಳಿದ ಐದು ಹೆಜ್ಜೆ ಎಲ್ಲೂ ಹೋಗುವುದಿಲ್ಲ.

ಆ ಏಳು ಸಾಲಿನ ಹಾಳೆಯ ಒಂದು ಪ್ರತಿ ಅವನ ಅಮ್ಮನಿಗೂ ಕೊಡಿ. ಮನೆಯ ನಲ್ಲಿ ಬೇರೆ, ಟವೆಲ್ ಬೇರೆ, ಅಲ್ಲಿ ಅವನಿಗೆ ಮತ್ತೆ ಸ್ವಲ್ಪ ಜಾಸ್ತಿ ಸಹಾಯ ಬೇಕಾಗಬಹುದು. ಅದನ್ನೂ ಅವರು ಬರೆದುಕೊಳ್ಳಲಿ.