ಇಸ್ರೋ ಅಂತ ಒಂದೇ ಪದವಾಗಿ ಓದುತ್ತೇವೆ, ಕೆಎಸ್‌ಆರ್‌ಟಿಸಿಗೆ ಮಾತ್ರ ಬಿಡಿ ಅಕ್ಷರ ಏಕೆ?

ಎರಡೂ ಉದ್ದ ಹೆಸರಿನ ಮೊದಲಕ್ಷರಗಳಿಂದ ಆದವೇ. ವ್ಯತ್ಯಾಸ ಇರುವುದು ಓದುವುದರಲ್ಲಿ. ಅಕ್ಷರಗಳನ್ನು ಕೂಡಿಸಿ ಒಂದೇ ಪದದಂತೆ ಓದಿದರೆ ಅದು ಆಕ್ರೊನಿಮ್. ಒಂದೊಂದೇ ಅಕ್ಷರ ಹೇಳಿದರೆ ಬರೀ ಸಂಕ್ಷೇಪ. 'ಡಾ.' ಇನ್ನೊಂದು ಬಗೆ: ಬರೆಯುವಾಗ ಚಿಕ್ಕದು, ಓದುವಾಗ ಪೂರ್ತಿ 'ಡಾಕ್ಟರ್'.

ಇಸ್ರೋದಲ್ಲಿ ಐ, ಓ ಎಂಬ ಎರಡು ಸ್ವರಗಳಿವೆ, ಹಾಗಾಗಿ ನಾಲಿಗೆ ಸುಲಭವಾಗಿ ಹೊರಳುತ್ತದೆ. ಕೆಎಸ್‌ಆರ್‌ಟಿಸಿಯ ಐದೂ ಇಂಗ್ಲಿಷ್ ಅಕ್ಷರಗಳು ವ್ಯಂಜನಗಳೇ. ಆದರೆ ಸ್ವರ ಇದ್ದರೆ ಸಾಲದು, ರೂಢಿಯೂ ಬೇಕು. ಐಎಎಸ್ ಅನ್ನು ಯಾರೂ 'ಇಯಾಸ್' ಅನ್ನುವುದಿಲ್ಲ, ಅಲ್ವಾ?

ಒಮ್ಮೆ ಪದದಂತೆ ಓದಲು ಶುರುವಾದರೆ ಒಳಗಿನ ಹೆಸರು ಮೆಲ್ಲಗೆ ಮರೆತುಹೋಗುತ್ತದೆ. ಮಾಮೂಲಿ ಪದ ಆಗುವುದು ಹೀಗೆಯೇ. ಮೊಬೈಲಿನ ಸಿಮ್ ನೋಡಿ. ಅದು 'ಸಬ್‌ಸ್ಕ್ರೈಬರ್ ಐಡೆಂಟಿಟಿ ಮಾಡ್ಯೂಲ್'. ನಾವು ಬಸ್ಸನ್ನು 'ಬಸ್ಸು' ಮಾಡಿದ ಹಾಗೆ ಇದನ್ನೂ 'ಸಿಮ್ಮು' ಮಾಡಿಕೊಂಡೆವು. "ಹಳೇ ಸಿಮ್ಮು ತೆಗೆದು ಹೊಸದು ಹಾಕು" ಅನ್ನುವವರಿಗೆ ಆ ಮೂರು ಇಂಗ್ಲಿಷ್ ಪದ ನೆನಪಿಗೂ ಬರುವುದಿಲ್ಲ. ಎಟಿಎಮ್ಮಿನ 'ಪಿನ್ ನಂಬರ್' ಕೂಡ ಹಾಗೇ. ಪಿನ್ ಎಂಬುದರ ಕೊನೆಯ ಅಕ್ಷರವೇ ನಂಬರ್. ಆದರೂ ಇನ್ನೊಂದು ನಂಬರ್ ಸೇರಿಸುತ್ತೇವೆ. ನನಗೆ ಇದು ತಪ್ಪು ಅನ್ನಿಸುವುದಿಲ್ಲ. ಪಿನ್ ಪೂರ್ತಿ ಪದವಾಗಿದೆ ಎನ್ನುವುದಕ್ಕೆ ಅದೇ ಗುರುತು.

ರಾಡಾರ್, ಲೇಸರ್ ಕೂಡ ಹೀಗೆ ಹುಟ್ಟಿದವೇ. ಲೇಸರ್‌ನಿಂದ ಇಂಗ್ಲಿಷಿನಲ್ಲಿ 'ಲೇಸ್' ಎಂಬ ಕ್ರಿಯಾಪದವೂ ಬಂದಿದೆ.