ದನ ಗ್ಲಿರಿಸಿಡಿಯಾ ಸೊಪ್ಪು ಮೂಸಿ ಬಿಡುವುದಕ್ಕೆ

ಗ್ಲಿರಿಸಿಡಿಯಾ ಅಂದರೆ ಬೇಲಿಗೆ ನೆಡುವ ಗೊಬ್ಬರದ ಗಿಡ, ಅದರ ಸೊಪ್ಪಿನ ವಾಸನೆಯೇ ಕಾರಣ ಇರಬೇಕು. ತೋಟದ ಬೇಲಿಯಿಂದ ಕಡಿದು ಹಸಿಯಾಗಿಯೇ ಹಾಕಿದ್ದೀರಿ, ದನ ಮೂಸಿ ತಲೆ ತಿರುಗಿಸಿತು ಅಂದಿರಲ್ವಾ? ಬೈಹುಲ್ಲನ್ನೂ ಮುಟ್ಟದಿದ್ದರೆ ಮಾತ್ರ ವಿಷಯ ಬೇರೆ, ಆಗ ಡಾಕ್ಟರನ್ನು ಕರೆಯಿರಿ.

ಇವತ್ತು ಸಂಜೆ ಗೆಲ್ಲು ಕಡಿದು ಹಟ್ಟಿಯ ಮಾಡಿನಡಿ ತೆಳ್ಳಗೆ ಹರಡಿ. ಮರುದಿನಕ್ಕೆ ಎಲೆ ಬಾಡಿ ಮೆತ್ತಗಾಗುತ್ತದೆ, ಆ ಗಾಟು ವಾಸನೆ ತುಂಬ ಇಳಿಯುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ರಾಶಿ ಹಾಕಿದರೆ ಬೂಸ್ಟು ಹಿಡಿಯುತ್ತದೆ, ಅಂಥದ್ದನ್ನು ಗೊಬ್ಬರದ ಗುಂಡಿಗೆ ಎಸೆಯಿರಿ.

ಮೊದಲು ಎರಡು ಹಿಡಿ ಸಾಕು. ಸಣ್ಣಗೆ ಕೊಚ್ಚಿ ಹಸಿಹುಲ್ಲಿನ ಜತೆ ಕಲಸಿ, ಮೇಲೆ ಸ್ವಲ್ಪ ಹಿಂಡಿ ನೀರು ಚಿಮುಕಿಸಿ. ನನ್ನ ದನ ಐದನೇ ದಿನಕ್ಕೆ ತಿಂದಿತು, ನಿಮ್ಮದು ಎರಡು ವಾರ ಹಟ ಹಿಡಿದರೂ ಹಿಡಿಯಬಹುದು. ಒಗ್ಗಿದ ಮೇಲೆ ನಿಧಾನಕ್ಕೆ ದಿನಕ್ಕೆ ನಾಲ್ಕೈದು ಕಿಲೋವರೆಗೆ ಏರಿಸಿ. ಹಸಿಮೇವಿನ ಮೂರನೇ ಒಂದು ಪಾಲು ಮೀರಬೇಡಿ. ಹಾಲಿಗೆ ವಾಸನೆ ಬಂದರೆ ಕರೆದ ನಂತರವೇ ಹಾಕಿ.

ಅಷ್ಟರವರೆಗೆ ಹಲಸಿನ ಎಲೆ ಕೊಡಿ, ಅದಕ್ಕೆ ದನದ ತಕರಾರು ಕಡಿಮೆ. ಸುಬಾಬುಲ್ ಮರದ ಸೊಪ್ಪು ಇದ್ದರೆ ಮಿತವಾಗಿ ಕೊಡಿ. ಅದರಲ್ಲಿ ಮೈಮೊಸಿನ್ ಎಂಬ ವಿಷದ ಅಂಶ ಇದೆ, ಜಾಸ್ತಿಯಾದರೆ ಕೂದಲು ಉದುರುತ್ತದೆ. ಮರಗೆಣಸಿನ ಎಲೆ, ರಬ್ಬರ್ ಎಲೆ ಮಾತ್ರ ಹಟ್ಟಿಯ ಹತ್ತಿರಕ್ಕೂ ತರಬೇಡಿ. ಅವುಗಳಲ್ಲಿ ಸಯನೈಡ್ ವಿಷ ಇರುತ್ತದೆ. ತಿಂದು ಹೊಟ್ಟೆ ಉಬ್ಬರಿಸಿ ತೂರಾಡಿದರೆ ಮನೆಮದ್ದು ಮಾಡುತ್ತಾ ಕೂರದೆ ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.